ಸಾಲದ ಕಾಲ, ಪಕ್ಕದ ಹೊಲ: ಅಮೆರಿಕದ ಅಮಿಷ್ ರೈತರು ಮತ್ತು ಅವರ ‘ಇಂಗ್ಲಿಷ್’ ನೆರೆಯವರು

2025ರಲ್ಲಿ ಅಮೆರಿಕದ ರೈತರ ಕಷ್ಟ ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಚೀನಾ ತಿಂಗಳುಗಟ್ಟಲೆ ಅವರ ಸೋಯಾಬೀನ್ ಕೊಳ್ಳಲಿಲ್ಲ. ಗೊಬ್ಬರ, ಯಂತ್ರ, ಬಡ್ಡಿ ಎಲ್ಲ ದುಬಾರಿ, ಬೆಳೆಗೆ ಮಾತ್ರ ಬೆಲೆ ಇಲ್ಲ. ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ 1,200 ಕೋಟಿ ಡಾಲರ್ ನೆರವು ಘೋಷಿಸಿತು. ಭಾರತದ ಜೊತೆಗಿನ ವ್ಯಾಪಾರ ಮಾತುಕತೆಯಲ್ಲೂ ಅವರ ಹಾಲು, ಮೆಕ್ಕೆಜೋಳದ ವಿಷಯವೇ ಬಿಡಿಸಲಾಗದ ಗಂಟಾಗಿತ್ತು. ಹಾಗಾಗಿ ಅಮೆರಿಕದ ಹೊಲದಲ್ಲಿ ಏನಾಗುತ್ತಿದೆ ಅಂತ ತಿಳಿಯುವ ಆಸಕ್ತಿ ನಮಗೂ ಬಂತು.

ಇನ್ನೊಂದು ಕಡೆ ಮೊಬೈಲಿನಲ್ಲಿ ಬೇರೆಯದೇ ಅಮೆರಿಕ ಕಾಣುತ್ತದೆ. ಹುಲ್ಲಿನ ಟೋಪಿ ಹಾಕಿದ ನೂರಾರು ಗಂಡಸರು ಇರುವೆಗಳಂತೆ ಮರದ ಚೌಕಟ್ಟು ಹತ್ತಿ, ಒಂದೇ ದಿನದಲ್ಲಿ ದೊಡ್ಡ ಕೊಟ್ಟಿಗೆ ನಿಲ್ಲಿಸುವ ವಿಡಿಯೋ ನೋಡಿರುತ್ತೀರಿ. ಅವರೇ ಅಮಿಷರು. ಕುದುರೆ ಗಾಡಿ, ಕರೆಂಟಿಲ್ಲದ ಮನೆ. ವಿಡಿಯೋ ಕೆಳಗೆ ‘ಸಾಲ ಇಲ್ಲ, ಚಿಂತೆ ಇಲ್ಲ, ಇವರನ್ನ ನೋಡಿ ಕಲೀಬೇಕು’ ಅನ್ನುವಂಥ ಮಾತುಗಳು ಇದ್ದೇ ಇರುತ್ತವೆ.

ಅದು ಅಷ್ಟು ಸರಳ ಅಲ್ಲ. ಅಮಿಷರಿಗೂ ಸಾಲ ಇದೆ, ಚಿಂತೆಯೂ ಇದೆ. ಆದರೆ ಬೆಲೆ ಬಿದ್ದ ವರ್ಷದಲ್ಲಿ ಅವರಿಗೆ ಬೀಳುವ ಪೆಟ್ಟು ಬೇರೆ, ಬೇಲಿಯಾಚೆಯ ಟ್ರ್ಯಾಕ್ಟರ್ ರೈತನಿಗೆ ಬೀಳುವ ಪೆಟ್ಟು ಬೇರೆ. ಈ ವ್ಯತ್ಯಾಸ ಯಾಕೆ ಅನ್ನುವುದನ್ನು ಬುಡದಿಂದ ನೋಡೋಣ.

ಯಾರು ಅಮಿಷ್, ಯಾರು ಇಂಗ್ಲಿಷ್

ಅಮಿಷರು ಒಂದು ಕ್ರೈಸ್ತ ಪಂಥದವರು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಮುಖಂಡನ ಹಿಂದೆ ಹೋದವರು, ಹಾಗಾಗಿ ಆ ಹೆಸರು. ಸ್ವಿಟ್ಜರ್ಲೆಂಡ್ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ಕಿರುಕುಳ ತಾಳಲಾರದೆ 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಈಗ ಅವರ ಸಂಖ್ಯೆ ಸುಮಾರು 4 ಲಕ್ಷ. ಪೆನ್ಸಿಲ್ವೇನಿಯಾದ ಲ್ಯಾಂಕಸ್ಟರ್, ಒಹಾಯೋದ ಹೋಮ್ಸ್ ಕೌಂಟಿ, ಇಂಡಿಯಾನಾದ ಎಲ್ಕಾರ್ಟ್ ಮತ್ತು ಲಗ್ರೇಂಜ್ ಅವರ ದೊಡ್ಡ ನೆಲೆಗಳು. ಮನೆಯಲ್ಲಿ ಜರ್ಮನ್ನಿನ ಒಂದು ಆಡುಮಾತು ಆಡುತ್ತಾರೆ. ತಮ್ಮವರಲ್ಲದ ಎಲ್ಲರನ್ನೂ ‘ಇಂಗ್ಲಿಷ್’ ಅನ್ನುತ್ತಾರೆ. ಪಕ್ಕದ ಹೊಲದವನು ಐರಿಷ್ ಮೂಲದವನಿರಲಿ, ಮೆಕ್ಸಿಕೋದವನಿರಲಿ, ಅವರ ಬಾಯಲ್ಲಿ ಇಂಗ್ಲಿಷೇ. ಈ ಲೇಖನದಲ್ಲಿ ಬರುವ ‘ಇಂಗ್ಲಿಷ್ ರೈತ’ ಅಂದರೆ ಮಾಮೂಲಿ ಅಮೆರಿಕನ್ ರೈತ.

ಇಪ್ಪತ್ತೈದರಿಂದ ನಲವತ್ತು ಕುಟುಂಬ ಸೇರಿದರೆ ಅವರ ಒಂದು ಸಭೆ. ಚರ್ಚ್ ಕಟ್ಟಡ ಇಲ್ಲ, ಮನೆಮನೆಯಲ್ಲಿ ಸರದಿ ಪ್ರಕಾರ ಪ್ರಾರ್ಥನೆ. ಪ್ರತಿ ಸಭೆಗೂ ತನ್ನದೇ ಕಟ್ಟುಪಾಡು ಇದೆ, ಅದನ್ನು ‘ಆರ್ಡ್ನುಂಗ್’ ಅನ್ನುತ್ತಾರೆ. ಯಾವ ಯಂತ್ರ ಇಟ್ಟುಕೊಳ್ಳಬಹುದು, ಯಾವುದು ಬೇಡ ಅನ್ನುವುದು ಅಲ್ಲೇ ತೀರ್ಮಾನ.

ಈ ತೀರ್ಮಾನ ಹೇಗಿರುತ್ತದೆ ಅನ್ನುವುದಕ್ಕೆ ಹಾಲಿನ ಟ್ಯಾಂಕಿನ ಕತೆ ಒಳ್ಳೆಯ ಉದಾಹರಣೆ. 1960ರ ದಶಕದಲ್ಲಿ ಡೈರಿ ಕಂಪನಿಗಳು ಕ್ಯಾನಿನಲ್ಲಿ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸತೊಡಗಿದವು. ಹಾಲನ್ನು ದೊಡ್ಡ ಟ್ಯಾಂಕಿನಲ್ಲಿ ತಣ್ಣಗಿಡಬೇಕು, ಆಗಾಗ ಕಲಕುತ್ತಿರಬೇಕು. ಕರೆಂಟಿಲ್ಲದೆ ಹೇಗೆ? ಲ್ಯಾಂಕಸ್ಟರಿನ ಅಮಿಷರು ಚೌಕಾಸಿಗೆ ಕುಳಿತರು. ತಣ್ಣಗೆ ಮಾಡಲು ಡೀಸೆಲ್ ಎಂಜಿನ್, ಕಲಕುವ ಕೋಲಿಗೆ ಬ್ಯಾಟರಿ, ಭಾನುವಾರ ಹಾಲಿನ ಲಾರಿ ಅಂಗಳಕ್ಕೆ ಬರಕೂಡದು. ಕಂಪನಿಗಳು ಒಪ್ಪಿದವು, ಅಮಿಷರೂ ಒಪ್ಪಿದರು. ಹೊಲದಲ್ಲೂ ಇಂಥದ್ದೇ. ಹುಲ್ಲು ಕಟ್ಟುವ ಬೇಲರ್ ಇಟ್ಟುಕೊಳ್ಳಬಹುದು, ಅದರ ಮೇಲೊಂದು ಎಂಜಿನ್ನೂ ಕೂರಿಸಬಹುದು. ಆದರೆ ಎಳೆಯುವುದು ಕುದುರೆ ಇಲ್ಲವೇ ಹೇಸರಗತ್ತೆಯೇ ಆಗಬೇಕು. ನೋಡಿದವರಿಗೆ ನಗು ಬರಬಹುದು. ಆದರೆ ಪ್ರಾಣಿ ಎಳೆಯಬೇಕು ಅಂದಮೇಲೆ ಒಂದು ಕುಟುಂಬ ಉಳುವ ಜಮೀನಿಗೆ ತಾನಾಗಿಯೇ ಮಿತಿ ಬೀಳುತ್ತದೆ. ಲ್ಯಾಂಕಸ್ಟರಿನಲ್ಲಿ ಅದು ಐವತ್ತು ಅರವತ್ತು ಎಕರೆ. ಕಷ್ಟಕಾಲದ ಲೆಕ್ಕ ಶುರುವಾಗುವುದೇ ಇಲ್ಲಿಂದ.

1980ರ ದಶಕ: ಬಡ್ಡಿ ಹೊಲ ನುಂಗಿದ ಕಾಲ

ಎರಡು ಬಗೆಯ ರೈತರ ನಡುವಿನ ಅಂತರ ಜಾಸ್ತಿ ಕಂಡದ್ದು 1980ರ ದಶಕದ ಕೃಷಿ ಬಿಕ್ಕಟ್ಟಿನಲ್ಲಿ.

ಅದಕ್ಕೆ ಹತ್ತು ವರ್ಷ ಹಿಂದೆ ಎಲ್ಲವೂ ಚೆನ್ನಾಗಿತ್ತು. 1972ರಲ್ಲಿ ಸೋವಿಯತ್ ಒಕ್ಕೂಟ ರಾಶಿರಾಶಿ ಗೋಧಿ ಕೊಂಡಿತು, ಬೆಲೆ ಗಗನಕ್ಕೇರಿತು. ಕೃಷಿ ಕಾರ್ಯದರ್ಶಿ (ನಮ್ಮ ಲೆಕ್ಕದಲ್ಲಿ ಕೃಷಿ ಸಚಿವ) ಅರ್ಲ್ ಬಟ್ಜ್ ‘ಬೇಲಿಯಿಂದ ಬೇಲಿಯವರೆಗೆ ಬಿತ್ತಿ’ ಎಂದು ಹುರಿದುಂಬಿಸಿದರು. ಜಮೀನಿನ ಬೆಲೆ ವರ್ಷವರ್ಷ ಏರುತ್ತಿತ್ತು. ಬ್ಯಾಂಕಿನವರು ಜಮೀನಿನ ಬೆಲೆ ನೋಡಿ ಸಾಲ ಕೊಟ್ಟರು. ರೈತರು ಪಕ್ಕದ ಹೊಲ ಕೊಂಡರು, ಅದನ್ನು ಉಳಲು ಇನ್ನೂ ದೊಡ್ಡ ಟ್ರ್ಯಾಕ್ಟರ್ ಕೊಂಡರು. ಆಗ ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಸಾಲ ಮಾಡದವನನ್ನೇ ಮಂಕು ಅನ್ನುತ್ತಿದ್ದರು.

1979ರಲ್ಲಿ ಗಾಳಿ ತಿರುಗಿತು. ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿ ಬಂದ ಪಾಲ್ ವೋಲ್ಕರ್ ಬೆಲೆಯೇರಿಕೆ ತಗ್ಗಿಸಲು ಬಡ್ಡಿಯನ್ನು ಎತ್ತರಕ್ಕೆ ಏರಲು ಬಿಟ್ಟರು. 1980ರ ಡಿಸೆಂಬರಿಗೆ ಬ್ಯಾಂಕುಗಳು ತಮ್ಮ ಅತ್ಯುತ್ತಮ ಗ್ರಾಹಕರಿಗೆ ಕೊಡುವ ದರವೇ ಶೇ. 21.5 ಆಯಿತು. ಅದೇ ವರ್ಷದ ಜನವರಿಯಲ್ಲಿ, ಅಫ್ಘಾನಿಸ್ತಾನದ ಮೇಲಿನ ದಾಳಿಗೆ ಪ್ರತಿಯಾಗಿ ಅಧ್ಯಕ್ಷ ಕಾರ್ಟರ್ ಸೋವಿಯತ್‌ಗೆ ಧಾನ್ಯ ಮಾರಾಟ ತಡೆದರು. ಡಾಲರ್ ಬಲವಾಗಿ ರಫ್ತು ಇನ್ನಷ್ಟು ಕುಸಿಯಿತು.

ಇದು ಒಂದು ಮನೆಗೆ ಹೇಗೆ ತಟ್ಟಿತು? ಉದಾಹರಣೆಗೆ ಒಬ್ಬ ರೈತನಿಗೆ 3 ಲಕ್ಷ ಡಾಲರ್ ಸಾಲ ಇದೆ ಅನ್ನಿ. ಬಡ್ಡಿ ಶೇ. 8 ಇದ್ದಾಗ ವರ್ಷಕ್ಕೆ 24,000 ಡಾಲರ್ ಕಟ್ಟಿದರೆ ಸಾಕಿತ್ತು. ಶೇ. 17 ಆದಾಗ ಅದೇ ಸಾಲಕ್ಕೆ 51,000. ಬಹಳಷ್ಟು ಕೃಷಿ ಸಾಲದ ದರ ಮಾರುಕಟ್ಟೆಯ ಜೊತೆ ಏರಿಳಿಯುವಂಥದ್ದು, ಹಾಗಾಗಿ ಹಳೆಯ ಸಾಲಕ್ಕೂ ಹೊಸ ಬಡ್ಡಿ. ‘ಸ್ವಲ್ಪ ಹೊಲ ಮಾರಿ ತೀರಿಸೋಣ’ ಅಂದರೆ ಕೊಳ್ಳುವವರಿಲ್ಲ. ಅಯೋವಾ ರಾಜ್ಯದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಜಮೀನು 1986ಕ್ಕೆ 787ಕ್ಕೆ ಇಳಿಯಿತು. ಮೂರರಲ್ಲಿ ಎರಡು ಪಾಲು ಹತ್ತಿರ ಮಾಯ. ಅಡವಿಟ್ಟ ಹೊಲ ಮಾರಿದರೂ ಸಾಲ ತೀರದ ಸ್ಥಿತಿ.

ಹರಾಜುಗಳು ಶುರುವಾದವು. ಸಣ್ಣ ಊರಿನ ಬ್ಯಾಂಕುಗಳೂ ಮುಳುಗಿದವು. 1985ರ ಸೆಪ್ಟೆಂಬರಿನಲ್ಲಿ ಗಾಯಕ ವಿಲ್ಲಿ ನೆಲ್ಸನ್ ಮತ್ತು ಗೆಳೆಯರು ಇಲಿನಾಯ್‌ನಲ್ಲಿ ‘ಫಾರ್ಮ್ ಏಡ್’ ಸಂಗೀತ ಕಾರ್ಯಕ್ರಮ ನಡೆಸಿ ರೈತರಿಗಾಗಿ ಹಣ ಕೂಡಿಸಿದರು. ಅದೇ ಡಿಸೆಂಬರ್ 9ರಂದು ಅಯೋವಾದ ಹಿಲ್ಸ್ ಎಂಬ ಪುಟ್ಟ ಊರಿನ ಬಳಿ, ಸಾಲದಲ್ಲಿ ಸಿಕ್ಕಿಬಿದ್ದ ಒಬ್ಬ ರೈತ ತನ್ನ ಹೆಂಡತಿಯನ್ನು, ಬ್ಯಾಂಕಿನ ಅಧ್ಯಕ್ಷನನ್ನು, ಒಬ್ಬ ನೆರೆಯವನನ್ನು ಕೊಂದು ತಾನೂ ಗುಂಡಿಟ್ಟುಕೊಂಡ. ಹಿಲ್ಸ್‌ನಿಂದ ಸ್ವಲ್ಪವೇ ದೂರದಲ್ಲಿ ಕಲೋನಾ ಇದೆ. 1840ರ ದಶಕದಿಂದ ಅಮಿಷರು ನೆಲೆಸಿರುವ ಊರು. ಅದೇ ಮಣ್ಣು, ಅದೇ ಮಳೆ, ಅದೇ ಮೆಕ್ಕೆಜೋಳದ ಬೆಲೆ.

ಒಂದೇ ಬೆಲೆ, ಬೇರೆ ಬೇರೆ ಪೆಟ್ಟು

ಬೆಲೆ ಬಿದ್ದಾಗ ರೈತನನ್ನು ಮುಳುಗಿಸುವುದು ಹೆಚ್ಚಾಗಿ ಕೈಯಿಂದ ನಗದು ಕೊಡಲೇಬೇಕಾದ ಖರ್ಚು. ಡೀಸೆಲ್, ಗೊಬ್ಬರ, ಟ್ರ್ಯಾಕ್ಟರಿನ ಕಂತು, ಕೂಲಿ, ವಿಮೆ, ಬಡ್ಡಿ. ಅಮಿಷ್ ರೈತನಲ್ಲಿ ಈ ಪಟ್ಟಿ ಚಿಕ್ಕದು. ಕುದುರೆ ಹೊಲದ್ದೇ ಹುಲ್ಲು, ಓಟ್ಸ್ ತಿನ್ನುತ್ತದೆ. ಗೊಬ್ಬರ ಕೊಡುತ್ತದೆ, ಮರಿಯನ್ನೂ ಕೊಡುತ್ತದೆ. ಟ್ರ್ಯಾಕ್ಟರ್ ಮರಿ ಹಾಕುವುದಿಲ್ಲ ಅನ್ನುವುದು ಅವರಲ್ಲಿ ಹಳೇ ತಮಾಷೆ. ಒಂದೇ ಬೆಳೆ ನಂಬುವುದೂ ಕಡಿಮೆ. ಹಾಲು, ಕೋಳಿ, ತರಕಾರಿ, ಲ್ಯಾಂಕಸ್ಟರಿನಲ್ಲಾದರೆ ತಂಬಾಕು. ಹೊಗೆಸೊಪ್ಪಿಗೆ ಅಲ್ಲಿ ‘ಅಡಮಾನ ಬಿಡಿಸುವ ಬೆಳೆ’ ಅಂತಲೇ ಅಡ್ಡಹೆಸರಿತ್ತು. ಧರ್ಮಭೀರುಗಳು ತಂಬಾಕು ಬೆಳೆಯುತ್ತಾರಾ ಅಂತ ಇಂಗ್ಲಿಷರು ಕೆಣಕುತ್ತಲೂ ಇದ್ದರು.

ಕೂಲಿಯ ಲೆಕ್ಕವೂ ಬೇರೆ. ಮನೆಗೆ ಆರೇಳು ಮಕ್ಕಳು. ಓದು ಎಂಟನೇ ತರಗತಿಯವರೆಗೆ ಮಾತ್ರ, ಅದಕ್ಕೆ ಸುಪ್ರೀಂ ಕೋರ್ಟ್ 1972ರಲ್ಲಿ ಒಪ್ಪಿಗೆ ಕೊಟ್ಟಿದೆ. ಹದಿನಾಲ್ಕರ ಹುಡುಗ ಪೂರ್ತಿ ದುಡಿಯುವ ಆಳು. ‘ಅಮಿಷ್ ಬೇಸಾಯ ಲಾಭದಾಯಕ’ ಅನ್ನುವಾಗ ಈ ಹೆಂಗಸರು ಮಕ್ಕಳ ದುಡಿಮೆಗೆ ಸಂಬಳ ಬರೆದಿಲ್ಲ ಅನ್ನುವುದನ್ನು ಮರೆಯಬಾರದು.

ಇನ್ನು ಪರಸ್ಪರ ನೆರವು. ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಮಿಷರು ಇದನ್ನು ಕೆಲಸದಾಚೆಗೂ ಬೆಳೆಸಿದ್ದಾರೆ. ಕೊಟ್ಟಿಗೆ ಸುಟ್ಟರೆ ಸಭೆಗಳಿಂದ ವಂತಿಗೆ, ಜೊತೆಗೆ ನೂರಾರು ಕೈ. ಆಸ್ಪತ್ರೆ ಬಿಲ್ಲಿಗೂ ವಂತಿಗೆ. ಮಗ ಹೊಲ ಕೊಳ್ಳುವಾಗ ಅಪ್ಪ, ಮಾವ, ನೆಂಟರು ಕಡಿಮೆ ಬಡ್ಡಿಗೆ ಕೊಡುತ್ತಾರೆ. ಬ್ಯಾಂಕ್ ಸಾಲವೂ ಉಂಟು, ಆದರೆ ಕಂತು ತಪ್ಪಿದರೆ ಸಭೆಯ ಹಿರಿಯರೇ ಬಂದು ಲೆಕ್ಕ ನೋಡುತ್ತಾರೆ. ಲ್ಯಾಂಕಸ್ಟರಿನ ಸಣ್ಣ ಬ್ಯಾಂಕುಗಳು ಅಮಿಷರಿಗೆ ಧೈರ್ಯವಾಗಿ ಸಾಲ ಕೊಡಲು ಇದೇ ಕಾರಣ. ಅವರ ಮನೆಗಳಿಗೆ ಕರೆಂಟೂ ಇಲ್ಲ, ಮಾಮೂಲಿ ವಿಮೆಯೂ ಇಲ್ಲ. ಹಾಗಾಗಿ ಆ ಗೃಹಸಾಲವನ್ನು ದೊಡ್ಡ ಹಣಕಾಸು ಸಂಸ್ಥೆಗಳಿಗೆ ಮಾರಲು ಬರುತ್ತಿರಲಿಲ್ಲ. ಕೊಟ್ಟ ಬ್ಯಾಂಕೇ ಕೊನೆಯವರೆಗೂ ಇಟ್ಟುಕೊಳ್ಳಬೇಕು. ಹೀಗೆ ಮಾರಿದ ಗೃಹಸಾಲಗಳೇ 2008ರಲ್ಲಿ ಅಮೆರಿಕವನ್ನು ಮುಳುಗಿಸಿದವು ಅನ್ನುವುದು ನೆನಪಿದ್ದರೆ, ಇದೊಂದು ವಿಚಿತ್ರ ಅದೃಷ್ಟ.

ಇಂಗ್ಲಿಷ್ ರೈತರಲ್ಲಿ ಒಗ್ಗಟ್ಟೇ ಇರಲಿಲ್ಲ ಅಂದುಕೊಳ್ಳಬೇಡಿ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಯೋವಾ, ನೆಬ್ರಾಸ್ಕಾದ ರೈತರು ‘ಪೆನ್ನಿ ಹರಾಜು’ ನಡೆಸಿದರು. ನೆರೆಯವನ ಹಸು ಹರಾಜಿಗೆ ಬಂದರೆ ಊರವರೆಲ್ಲ ಸೇರಿ ಕೆಲವೇ ಸೆಂಟು ಕೂಗುವುದು, ಹೊರಗಿನವನು ಹೆಚ್ಚು ಕೂಗದಂತೆ ಕಣ್ಣಲ್ಲೇ ಹೆದರಿಸುವುದು, ಆಮೇಲೆ ಹಸುವನ್ನು ಯಜಮಾನನಿಗೇ ಮರಳಿಸುವುದು. ಆದರೆ ಅದು ಬೆಂಕಿ ಬಿದ್ದಾಗ ಕಟ್ಟಿಕೊಂಡ ಒಗ್ಗಟ್ಟು. ಅಮಿಷರದು ಬೆಂಕಿ ಇಲ್ಲದಾಗಲೂ ದಿನವೂ ನಡೆಯುವ ಕಟ್ಟುಪಾಡು. 1940ರ ಸುಮಾರಿಗೆ ಅಮೆರಿಕದ ಕೃಷಿ ಇಲಾಖೆ ಆರು ಗ್ರಾಮೀಣ ಸಮುದಾಯಗಳನ್ನು ಅಧ್ಯಯನಕ್ಕೆ ಆರಿಸಿಕೊಂಡಾಗ, ಅತ್ಯಂತ ಸ್ಥಿರವಾದದ್ದು ಎಂದು ಇಟ್ಟುಕೊಂಡದ್ದು ಲ್ಯಾಂಕಸ್ಟರಿನ ಅಮಿಷರನ್ನೇ.

ಸರ್ಕಾರದ ದುಡ್ಡು ಬೇಡ ಅಂದವರು

1930ರ ದಶಕದಲ್ಲಿ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಕಾಲದಿಂದ ಅಮೆರಿಕದ ರೈತರಿಗೆ ಸರ್ಕಾರ ಸಬ್ಸಿಡಿ ಕೊಡುತ್ತಾ ಬಂದಿದೆ. ಅಮಿಷರು ಸಾಮಾನ್ಯವಾಗಿ ಅದರಿಂದ ದೂರ. ಸಂಕಟದಲ್ಲಿರುವವನನ್ನು ನೋಡಿಕೊಳ್ಳುವುದು ಸಭೆಯ ಕೆಲಸ, ಸರ್ಕಾರದ್ದಲ್ಲ ಅನ್ನುವುದು ಅವರ ನಂಬಿಕೆ.

ಇದು ಒಂದು ದೊಡ್ಡ ಜಗಳಕ್ಕೂ ಕಾರಣವಾಯಿತು. 1955ರಿಂದ ರೈತರೂ ಸಾಮಾಜಿಕ ಭದ್ರತೆ ತೆರಿಗೆ, ಅಂದರೆ ಮುಪ್ಪಿನ ಪಿಂಚಣಿಗಾಗಿ ದುಡಿಮೆಯಿಂದ ಕೊಡುವ ಪಾಲು, ಕಟ್ಟಬೇಕೆಂದಾಯಿತು. ಬಹಳ ಅಮಿಷರು ಕಟ್ಟಲಿಲ್ಲ. 1961ರ ವಸಂತದಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಅಮಿಷ್ ರೈತ ಹೊಲ ಉಳುತ್ತಿದ್ದಾಗಲೇ ತೆರಿಗೆ ಅಧಿಕಾರಿಗಳು ಬಂದು ಅವನ ಮೂರು ಕುದುರೆ ಬಿಚ್ಚಿಕೊಂಡು ಹೋದರು. ಹರಾಜಿನಲ್ಲಿ 460 ಡಾಲರ್ ಬಂತು. ಬಾಕಿ 308.96 ಮುರಿದುಕೊಂಡು, ಹರಾಜಿನ ಖರ್ಚೂ ಕಳೆದು, 37.89 ಡಾಲರ್ ಅವನಿಗೆ ಮರಳಿಸಿದರು. ಉಳುಮೆ ಕಾಲದಲ್ಲಿ ಕುದುರೆ ಕಿತ್ತುಕೊಂಡರಲ್ಲ ಅಂತ ಇಂಗ್ಲಿಷ್ ಪತ್ರಿಕೆಗಳೇ ಸಿಡಿದೆದ್ದವು. ಕೊನೆಗೆ 1965ರಲ್ಲಿ ಸ್ವಂತ ದುಡಿಮೆಯ ಅಮಿಷರಿಗೆ ವಿನಾಯಿತಿ ಸಿಕ್ಕಿತು. 1988ರಲ್ಲಿ ಅಮಿಷ್ ಯಜಮಾನರ ಕೈಕೆಳಗಿನ ಅಮಿಷ್ ಕೆಲಸಗಾರರಿಗೂ ವಿಸ್ತರಿಸಿತು. ತೆರಿಗೆ ಕಟ್ಟುವುದಿಲ್ಲ, ಪಿಂಚಣಿಯನ್ನೂ ಪಡೆಯುವುದಿಲ್ಲ. ಆದಾಯ ತೆರಿಗೆ, ಆಸ್ತಿ ತೆರಿಗೆ, ತಮ್ಮ ಮಕ್ಕಳು ಹೋಗದ ಸರ್ಕಾರಿ ಶಾಲೆಯ ತೆರಿಗೆ ಎಲ್ಲವನ್ನೂ ಕಟ್ಟುತ್ತಾರೆ. ‘ಅಮಿಷರು ಟ್ಯಾಕ್ಸೇ ಕಟ್ಟಲ್ಲ’ ಅನ್ನುವುದು ಸುಳ್ಳು.

ಬೇಲಿಯಾಚೆ ಈಚೆ

ದಿನನಿತ್ಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಬದುಕುವುದಿಲ್ಲ. ದೂರದ ಆಸ್ಪತ್ರೆಗೆ, ಮದುವೆಗೆ ಹೋಗಬೇಕಾದರೆ ಅಮಿಷರು ಕಾರಿರುವ ಇಂಗ್ಲಿಷ್ ನೆರೆಯವರನ್ನು ಕರೆಯುತ್ತಾರೆ. ಮೈಲಿಗಿಷ್ಟು ಅಂತ ದುಡ್ಡು. ನಿವೃತ್ತರಾದವರಿಗೆ, ಹೊಲ ಬಿಟ್ಟವರಿಗೆ ಇದೊಂದು ಮೇಲ್ಸಂಪಾದನೆ. ಕೆಲವು ಕಡೆ ಅಮಿಷ್ ಮನೆಯ ಫ್ರೀಜರ್ ಇಂಗ್ಲಿಷ್ ನೆರೆಯವರ ಗ್ಯಾರೇಜಿನಲ್ಲಿ ಕೂತಿರುತ್ತದೆ, ಬಾಡಿಗೆಗೆ. ಇಂಗ್ಲಿಷ್ ರೈತನಿಗೆ ಹಾಲು ಕರೆಯಲು, ಸೂರು ಹೊದಿಸಲು ಅಮಿಷ್ ಹುಡುಗರು ಸಿಗುತ್ತಾರೆ. ಹೊಲ ಬಿಡುವವನ ಹಳೇ ಬೇಲರ್ ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕರೆ ಅಮಿಷನಿಗೆ ಹಬ್ಬ.

ಲ್ಯಾಂಕಸ್ಟರಿನಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ‘ಮಡ್ ಸೇಲ್’ ನಡೆಯುತ್ತದೆ. ಹಿಮ ಕರಗಿ ಅಂಗಳವೆಲ್ಲ ಕೆಸರಾಗಿರುತ್ತದೆ, ಅದಕ್ಕೇ ಆ ಹೆಸರು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಹಣ ಕೂಡಿಸುವ ಹರಾಜು ಅದು. ಅಮಿಷ್ ಹೆಂಗಸರು ಹೊಲಿದ ಕೌದಿ, ಕುದುರೆ, ಹಳೆಯ ನೇಗಿಲು ಎಲ್ಲ ಬಿಕರಿಯಾಗುತ್ತವೆ. ದಳದಲ್ಲಿ ಅಮಿಷರೂ ಇರುತ್ತಾರೆ. ಬೆಂಕಿ ಇಂಜಿನ್ನಿನಲ್ಲಿ ಕೂತು ಹೋಗಲು ಅವರಿಗೆ ಅಡ್ಡಿಯಿಲ್ಲ, ಓಡಿಸುವುದು ಇಂಗ್ಲಿಷರು.

ಸಿಟ್ಟು ಹುಟ್ಟುವುದು ಜಮೀನಿನಲ್ಲಿ

ಅಮಿಷರ ಸಂಖ್ಯೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಅಷ್ಟು ಗಂಡುಮಕ್ಕಳಿಗೆ ಜಮೀನು ಬೇಕು. ಕಷ್ಟಕಾಲದಲ್ಲಿ ಇಂಗ್ಲಿಷ್ ರೈತ ಮಾರುತ್ತಾನೆ, ಅಮಿಷರು ಕೊಳ್ಳುತ್ತಾರೆ. ವಿಸ್ಕಾನ್ಸಿನ್, ನ್ಯೂಯಾರ್ಕ್ ರಾಜ್ಯದ ಹಳ್ಳಿಗಳಲ್ಲಿ ಪಾಳುಬಿದ್ದಿದ್ದ ಎಷ್ಟೋ ಹೈನು ಫಾರ್ಮುಗಳು ಹೀಗೆ ಮತ್ತೆ ನಡೆಯುತ್ತಿವೆ. ಮಾರುವ ಮುದುಕನಿಗೆ ಇದು ವರ. ಆದರೆ ಇನ್ನಷ್ಟು ಎಕರೆ ಸೇರಿಸಿಕೊಂಡು ಹೇಗೋ ಉಳಿಯಬೇಕೆಂದು ಹೊರಟ ಪಕ್ಕದ ಇಂಗ್ಲಿಷ್ ಯುವಕನಿಗೆ? ನೆಂಟರ ಕಡಿಮೆ ಬಡ್ಡಿಯ ಹಣ, ಸಂಬಳವಿಲ್ಲದ ಆಳುಗಳು, ಪಿಂಚಣಿ ತೆರಿಗೆಯಿಲ್ಲ, ಆರೋಗ್ಯ ವಿಮೆಯ ಕಂತಿಲ್ಲ. ಇವರ ಎದುರು ಹರಾಜಿನಲ್ಲಿ ಕೂಗೋದು ಹೇಗೆ ಅನ್ನುವುದು ಅವನ ಗೊಣಗಾಟ. ಅದರಲ್ಲಿ ಹುರುಳಿಲ್ಲ ಅನ್ನಲಾಗದು. ಕೊಂಡ ಮೇಲೆ ಮನೆಯ ಕರೆಂಟ್ ತಂತಿ ಕಿತ್ತುಹಾಕುತ್ತಾರೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಗಿರಾಕಿ ಕಡಿಮೆಯಾಗುತ್ತಾರೆ. ಲಾಳದಿಂದ ಡಾಂಬರು ಕಿತ್ತುಹೋಗುತ್ತದೆ ಅನ್ನುವ ದೂರೂ ಇದೆ. ಇಂಡಿಯಾನಾದ ಕೆಲವು ಕೌಂಟಿಗಳಲ್ಲಿ ಅದಕ್ಕೇ ಕುದುರೆ ಗಾಡಿಗೂ ನಂಬರ್ ಪ್ಲೇಟು, ವರ್ಷಕ್ಕಿಷ್ಟು ಶುಲ್ಕ.

ಅಮಿಷರಿಗೆ ಪೆಟ್ಟು ಬಿದ್ದಾಗ

ಜಮೀನು ಸಾಲದಾದಾಗ ಉತ್ತರ ಇಂಡಿಯಾನಾದ ಅಮಿಷರು ಕಾರ್ಖಾನೆ ಹಿಡಿದರು. ಮನೆಯಂತೆ ಮಲಗಿ ಪ್ರವಾಸ ಮಾಡಬಹುದಾದ ದೊಡ್ಡ ವಾಹನಗಳು ಅಲ್ಲಿ ತಯಾರಾಗುತ್ತವೆ. ತಾವು ಎಂದೂ ಓಡಿಸದ ಗಾಡಿಗಳನ್ನು ಕಟ್ಟಿ ಒಳ್ಳೆಯ ಸಂಬಳ ಎಣಿಸಿದರು. 2008ರ ಕುಸಿತದಲ್ಲಿ ಅಂಥ ವಾಹನ ಯಾರಿಗೂ ಬೇಡವಾಯಿತು. 2009ರ ಮಾರ್ಚಿನಲ್ಲಿ ಎಲ್ಕಾರ್ಟ್ ಸುತ್ತಲ ನಿರುದ್ಯೋಗ ಶೇ. 20ರ ಹತ್ತಿರ ಮುಟ್ಟಿತು. ಅಮಿಷರೂ ಇಂಗ್ಲಿಷರೂ ಒಂದೇ ದಿನ ಕೆಲಸ ಕಳೆದುಕೊಂಡು ಮನೆಗೆ ಬಂದರು. ಸರ್ಕಾರದ ನಿರುದ್ಯೋಗ ಭತ್ಯೆ ತೆಗೆದುಕೊಳ್ಳಬಹುದೇ ಅನ್ನುವ ಪ್ರಶ್ನೆ ಮೊದಲ ಬಾರಿ ಅಷ್ಟು ಮನೆಗಳ ಬಾಗಿಲಿಗೆ ಬಂತು. ಕೆಲವರು ತೆಗೆದುಕೊಂಡರು.

ನಂಬಿಕೆಯ ಸಾಲವೂ ಕೈಕೊಟ್ಟದ್ದುಂಟು. ಒಹಾಯೋದ ಶುಗರ್‌ಕ್ರೀಕ್‌ನಲ್ಲಿ ತಮ್ಮವನೇ ಆದ ಒಬ್ಬ ವ್ಯಕ್ತಿ, ಸರ್ಕಾರಿ ಬಾಂಡಿನಲ್ಲಿ ಭದ್ರವಾಗಿ ಹಾಕುತ್ತೇನೆಂದು ಜನರಿಂದ ಹಣ ಪಡೆದು ಅಪಾಯದ ಷೇರುಗಳಲ್ಲಿ ಹಾಕಿದ್ದ. 2010ರಲ್ಲಿ ದಿವಾಳಿ. 2,500ಕ್ಕೂ ಹೆಚ್ಚು ಜನರ ಸುಮಾರು 1.7 ಕೋಟಿ ಡಾಲರ್ ಹೋಯಿತು, ಅವರಲ್ಲಿ ಅಮಿಷರೇ ಜಾಸ್ತಿ. ಕೋರ್ಟು ಬೇಡ, ನಾವೇ ಕೂತು ಬಗೆಹರಿಸುತ್ತೇವೆ ಎಂದು ಸಮುದಾಯ ಕೇಳಿಕೊಂಡಿತು. ನ್ಯಾಯಾಲಯ ಒಪ್ಪಲಿಲ್ಲ. 2012ರಲ್ಲಿ ಅವನಿಗೆ ಆರೂವರೆ ವರ್ಷ ಜೈಲಾಯಿತು.

ಹಾಲಿನ ಬೆಲೆಯಂತೂ ಟೋಪಿ ನೋಡಿ ಬೀಳುವುದಿಲ್ಲ. 100 ಪೌಂಡಿಗೆ, ಅಂದರೆ ಸುಮಾರು 45 ಕಿಲೋ ಹಾಲಿಗೆ, 2007ರಲ್ಲಿ ಸರಾಸರಿ 19 ಡಾಲರ್ ಇತ್ತು. 2009ರಲ್ಲಿ 13ಕ್ಕೂ ಕೆಳಗೆ ಬಂತು. ಅಮೆರಿಕದಲ್ಲಿ 2003ರಲ್ಲಿ 70,000ದಷ್ಟಿದ್ದ ಹೈನು ಫಾರ್ಮುಗಳು 2023ಕ್ಕೆ 26,000ದ ಆಸುಪಾಸಿಗೆ ಇಳಿದಿವೆ. 2018ರಲ್ಲಿ ಡೀನ್ ಫುಡ್ಸ್ ಕಂಪನಿ ಹಲವು ರಾಜ್ಯಗಳ ನೂರಕ್ಕೂ ಹೆಚ್ಚು ಫಾರ್ಮುಗಳಿಗೆ ‘ಮೇ ಕೊನೆಯ ನಂತರ ನಿಮ್ಮ ಹಾಲು ಬೇಡ’ ಎಂದು ಪತ್ರ ಬರೆಯಿತು. ಮರುವರ್ಷ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಇಲ್ಲಿ ಅಮಿಷರಿಗೆ ಇನ್ನೊಂದು ತೊಡಕಿದೆ. ಅವರ ಒಂದೊಂದು ಕೊಟ್ಟಿಗೆಯಲ್ಲೂ ಹಾಲು ಕೊಂಚವೇ. ಅಷ್ಟು ಹಾಲಿಗೆಂದೇ ಲಾರಿ ಬರುವುದಿಲ್ಲ. ದಾರಿಯಲ್ಲಿ ಸಿಗುವ ಇಂಗ್ಲಿಷ್ ಫಾರ್ಮುಗಳ ಹಾಲೂ ಸೇರಿದರೆ ತಾನೇ ಲಾರಿ ತುಂಬುವುದು? ಆ ಫಾರ್ಮುಗಳು ಒಂದೊಂದಾಗಿ ಮುಚ್ಚಿದರೆ ಸಾಗಣೆ ದರ ಏರುತ್ತದೆ, ಆಮೇಲೆ ಲಾರಿ ಆ ರಸ್ತೆಗೆ ಬರುವುದೇ ನಿಲ್ಲುತ್ತದೆ. ಆಗ ಉಳಿಯುವ ದಾರಿ ಕೆಲವೇ: ಹತ್ತಿರದಲ್ಲಿ ಕ್ಯಾನ್ ಹಾಲು ಕೊಳ್ಳುವ ಚೀಸ್ ಕಾರ್ಖಾನೆ ಇದ್ದರೆ ಅಲ್ಲಿಗೆ ಹಾಕುವುದು, ಹಸು ಮಾರಿ ತರಕಾರಿಗೆ ಇಳಿಯುವುದು, ಇಲ್ಲವೇ ಬಡಗಿ ಕೆಲಸಕ್ಕೆ ಹೋಗುವುದು.